ಒದ್ದೆ ಗುಂಗುರಿಗೆ ಕತ್ತರಿ ಬೇಡ

ಸೋಗಾನೆಯಾಗಲಿ, ಶಿವಮೊಗ್ಗ ಪೇಟೆಯಾಗಲಿ, ಮಕ್ಕಳ ಗುಂಗುರು ಕೂದಲನ್ನು ಮನೆಯಲ್ಲೇ ಕತ್ತರಿಸುವವರು ಮೊದಲು ತಲೆಗೆ ನೀರು ಚಿಮುಕಿಸುವುದುಂಟು. ಎಡವುವುದು ಅಲ್ಲೇ!

ಕೂದಲು ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ನೀರು ಹೀರಿದಾಗ ಅದರ ಹೈಡ್ರೋಜನ್ ಬಂಧಗಳು ಸಡಿಲಗೊಂಡು ಸುರುಳಿ ಬಿಚ್ಚಿಕೊಳ್ಳುತ್ತದೆ. ಒಣಗಿದಾಗ ಮತ್ತೆ ಮೇಲೇರುತ್ತದೆ. ಆಗ ಅಂದುಕೊಂಡದ್ದಕ್ಕಿಂತ ಗಿಡ್ಡವಾಗಿ ಕಾಣುತ್ತದೆ. ಕೂದಲು ಬೆಳೆಯುವುದೋ ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಮಾತ್ರ.

ಆದ್ದರಿಂದ ಸಿಕ್ಕು ಬಿಡಿಸಿ, ಪೂರ್ತಿ ಒಣಗಿಸಿ, ಹರಿತವಾದ ಕತ್ತರಿಯಿಂದ ಸೀಳಿದ ತುದಿಯನ್ನಷ್ಟೇ ಸ್ವಲ್ಪಸ್ವಲ್ಪವಾಗಿ ತೆಗೆಯಿರಿ. ಕತ್ತರಿಸಿದರೆ ಕೂದಲು ದಟ್ಟವಾಗುತ್ತದೆಂಬ ನಂಬಿಕೆ ಸುಳ್ಳು. ಬೆಳವಣಿಗೆ ನಡೆಯುವುದು ಚರ್ಮದೊಳಗಿನ ಬುಡದಲ್ಲಿ.

ಉತ್ತರ ಕನ್ನಡದ ಸಿದ್ದಿ ಸಮುದಾಯದವರಲ್ಲಿ ಗುಂಗುರು ಕೂದಲು ಸಹಜ. ಗುಂಗುರು ಹುಟ್ಟಿನಿಂದ ಬಂದ ಗುಣ, ದೋಷವಲ್ಲ. ಶಾಲೆಯಲ್ಲಿ ಅದನ್ನು ಹಾಸ್ಯ ಮಾಡುವ ಮಕ್ಕಳಿಗೂ ಈ ವಿಜ್ಞಾನ ತಿಳಿದಿರಲಿ.