ನಿವೃತ್ತಿಯ ನಿಧಿಯಿಂದ ನೇರವಾಗಿ ದಾನ

1965ರಲ್ಲಿ ಅಮೆರಿಕದ ವಲಸೆ ಕಾನೂನು ಏಷ್ಯದ ಜನರಿಗೂ ವಿಶಾಲವಾಗಿ ಬಾಗಿಲು ತೆರೆದ ತರುವಾಯ ಮೈಸೂರು, ಬೆಂಗಳೂರು, ಧಾರವಾಡ, ಮಂಗಳೂರುಗಳಿಂದ ಹೊರಟು, ಆ ದೇಶದ ಆಸ್ಪತ್ರೆಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ವಿಶ್ವವಿದ್ಯಾಲಯಗಳಲ್ಲಿಯೂ ಜೀವಮಾನದ ದುಡಿಮೆಯನ್ನು ಸಲ್ಲಿಸಿದ ಕನ್ನಡಿಗರ ಮೊದಲ ತಲೆಮಾರು ಈಗ ಎಪ್ಪತ್ತನ್ನು ದಾಟಿದೆ. ಅವರಲ್ಲಿ ಅನೇಕರ ಉಳಿತಾಯ ಐ.ಆರ್.ಎ. ಎಂದು ಕರೆಯಲ್ಪಡುವ ವೈಯಕ್ತಿಕ ನಿವೃತ್ತಿ ಖಾತೆಯಲ್ಲಿದೆ. 1974ರ ಶಾಸನದಿಂದ ಹುಟ್ಟಿದ ಈ ಖಾತೆಯ ಸಾಂಪ್ರದಾಯಿಕ ಸ್ವರೂಪದಲ್ಲಿ, ದುಡಿಯುವ ಕಾಲದಲ್ಲಿ ತೊಡಗಿಸಿದ ಹಣಕ್ಕೂ ಅದರ ಮೇಲೆ ಬೆಳೆದ ಲಾಭಕ್ಕೂ ಸಾಮಾನ್ಯವಾಗಿ ಆಗ ತೆರಿಗೆಯಿಲ್ಲ. ವೃದ್ಧಾಪ್ಯದಲ್ಲಿ ಹೊರತೆಗೆದಾಗ ಮಾತ್ರ ಅದೆಲ್ಲವೂ ಆ ವರ್ಷದ ವರಮಾನವೆಂದೇ ಪರಿಗಣಿತವಾಗಿ ತೆರಿಗೆಗೆ ಒಳಪಡುತ್ತದೆ. ತೆಗೆಯದೆ ಹಾಗೆಯೇ ಬಿಡುವೆನೆಂದರೆ ಕಾನೂನು ಒಪ್ಪದು. ಈಗಿನ ವಿಧಿಯಂತೆ 73ನೆಯ ವಯಸ್ಸಿನಿಂದ ಪ್ರತಿವರ್ಷವೂ ನಿಗದಿಯಾದ ಕನಿಷ್ಠ ಮೊತ್ತವನ್ನು ತೆಗೆಯಲೇಬೇಕು.

ಈ ಕಟ್ಟುಪಾಡಿನ ನಡುವೆ 2006ರ ಪಿಂಚಣಿ ಸಂರಕ್ಷಣಾ ಶಾಸನವು ಒಂದು ಉದಾರವಾದ ಅವಕಾಶವನ್ನು ಕಲ್ಪಿಸಿತು. ಮೊದಲು ಅಲ್ಪಕಾಲಕ್ಕೆಂದು ಬಂದು, ಮತ್ತೆ ಮತ್ತೆ ವಿಸ್ತರಣೆಗೊಂಡು, 2015ರ ಡಿಸೆಂಬರಿನಲ್ಲಿ ಶಾಶ್ವತವಾದ ಈ ಅವಕಾಶಕ್ಕೆ ಕ್ಯೂ.ಸಿ.ಡಿ. ಎಂದು ಹೆಸರು; ಅರ್ಹ ದಾನವಿತರಣೆಯೆಂದು ನಾವು ಕರೆಯಬಹುದು. ಎಪ್ಪತ್ತೂವರೆ ವರ್ಷ ತುಂಬಿದ ಖಾತೆದಾರನು ತನ್ನ ಖಾತೆಯ ಹಣವನ್ನು ತನ್ನ ಕೈಗೆ ಬಾರದಂತೆ, ಖಾತೆಯನ್ನು ನಿರ್ವಹಿಸುವ ಸಂಸ್ಥೆಯಿಂದ ನೇರವಾಗಿ ಅರ್ಹ ಧರ್ಮಸಂಸ್ಥೆಗೆ ಕಳುಹಿಸಿದರೆ, ಆ ಹಣ ಅವನ ವರಮಾನವೆಂದು ಎಣಿಕೆಗೆ ಬರುವುದೇ ಇಲ್ಲ. ಆದರೂ ಆ ವರ್ಷ ತೆಗೆಯಲೇಬೇಕಾದ ಕನಿಷ್ಠ ಮೊತ್ತದ ಲೆಕ್ಕಕ್ಕೆ ಅದು ಸಲ್ಲುತ್ತದೆ. ವರ್ಷಕ್ಕೆ ಒಬ್ಬರಿಗೆ 1,00,000 ಡಾಲರುಗಳಿದ್ದ ಮಿತಿ ಬೆಲೆಯೇರಿಕೆಯನ್ನು ಅನುಸರಿಸಿ 2024ರಲ್ಲಿ 1,05,000ಕ್ಕೂ 2025ರಲ್ಲಿ 1,08,000ಕ್ಕೂ ಏರಿತು.

ದಾನಕ್ಕೆ ತೆರಿಗೆಯ ವಿನಾಯಿತಿ ಮೊದಲಿನಿಂದಲೂ ಇರುವಾಗ ಇದರಲ್ಲಿ ಹೊಸತೇನೆಂದು ಕೇಳುವುದು ಸಹಜ. 2017ರ ತೆರಿಗೆ ಸುಧಾರಣೆಯಿಂದ ಎಲ್ಲರಿಗೂ ಸಾಮಾನ್ಯವಾಗಿ ದೊರೆಯುವ ಕಡಿತದ ಮೊತ್ತ ಇಮ್ಮಡಿಯ ಸಮೀಪಕ್ಕೆ ಏರಿದುದರಿಂದ, ದಾನ ಮೊದಲಾದ ವೆಚ್ಚಗಳನ್ನು ಒಂದೊಂದಾಗಿ ಬರೆದು ಕಡಿತ ಕೇಳುವುದು ಹೆಚ್ಚಿನ ವೃದ್ಧರಿಗೆ ಲಾಭಕರವಾಗಿ ಉಳಿದಿಲ್ಲ. ಅದಕ್ಕಿಂತಲೂ ಮುಖ್ಯವಾದ ಮಾತೊಂದಿದೆ. ಕಡಿತವೆಂಬುದು ವರಮಾನವನ್ನು ಲೆಕ್ಕಕ್ಕೆ ಹಿಡಿದ ಮೇಲೆ ಕಳೆಯುವುದು. ದಾನವಿತರಣೆಯಾದರೋ ಆ ವರಮಾನವನ್ನು ಲೆಕ್ಕದ ಹೊರಗೇ ನಿಲ್ಲಿಸುವುದು. ಸೋಷಿಯಲ್ ಸೆಕ್ಯೂರಿಟಿಯ ಮಾಸಾಶನದಲ್ಲಿ ಎಷ್ಟಂಶ ತೆರಿಗೆಗೆ ಒಳಪಡಬೇಕು (ಅದು ನೂರಕ್ಕೆ 85ರವರೆಗೂ ಹೋಗಬಲ್ಲುದು), ಮೆಡಿಕೇರ್ ವಿಮೆಯ ಕಂತು ಎಷ್ಟಾಗಬೇಕು ಎಂಬುದೆಲ್ಲ ಆ ಒಟ್ಟು ವರಮಾನವನ್ನೇ ಅವಲಂಬಿಸಿರುವುದರಿಂದ, ದಾನ ಕೊಟ್ಟ ಹಿರಿಯರಿಗೆ ಇದರ ಉಪಕಾರ ಒಂದೇ ಕಡೆಗೆ ನಿಲ್ಲುವುದಿಲ್ಲ.

ಇಷ್ಟು ಉಪಕಾರವುಳ್ಳ ವಿಧಿ ವಿಫಲವಾಗುವುದು ತೆರಿಗೆಯ ವಿವರಪತ್ರದ ಒಂದೇ ಒಂದು ಸಾಲಿನಲ್ಲಿ. ವರ್ಷಾರಂಭದಲ್ಲಿ ಖಾತೆಯ ಸಂಸ್ಥೆ 1099-ಆರ್ ಎಂಬ ನಮೂನೆಯನ್ನು ಕಳುಹಿಸುತ್ತದೆ. ಅದರ ಒಂದನೆಯ ಚೌಕದಲ್ಲಿ ಆ ವರ್ಷ ಹೊರಬಂದ ಒಟ್ಟು ಹಣವಿರುತ್ತದೆ. ತೆರಿಗೆಗೆ ಒಳಪಡುವ ಮೊತ್ತವನ್ನು ತೋರಿಸುವ 2ಎ ಚೌಕದಲ್ಲಿಯೂ ಸಾಧಾರಣವಾಗಿ ಅದೇ ಅಂಕಿ ಅಚ್ಚಾಗಿರುತ್ತದೆ. ತೆರಿಗೆಗೆ ಒಳಪಡುವ ಮೊತ್ತ ನಿರ್ಧಾರವಾಗಿಲ್ಲವೆಂಬ ಗುರುತು ಪಕ್ಕದ ಚೌಕದಲ್ಲಿದ್ದರೂ ಬಹುಮಂದಿಯ ಕಣ್ಣು ಅದರ ಮೇಲೆ ಬೀಳುವುದಿಲ್ಲ. ದೇವಾಲಯಕ್ಕೆ ಸಂದ ಹಣವೂ ಮನೆಖರ್ಚಿಗೆ ತೆಗೆದ ಹಣವೂ ಆ ಕಾಗದದಲ್ಲಿ ಒಂದೇ ರೀತಿ ಕಾಣುವುದರಿಂದ, ಅಂಕಿಗಳನ್ನು ಇದ್ದಂತೆಯೇ ನಕಲುಮಾಡುವ ವೃದ್ಧರು ತಾವು ಕೊಟ್ಟ ದಾನಕ್ಕೆ ತಾವೇ ತೆರಿಗೆಯನ್ನೂ ತೆರುತ್ತಾರೆ. 2025ರ ಸಾಲಿನಿಂದ ಏಳನೆಯ ಚೌಕದಲ್ಲಿ ವೈ ಎಂಬ ಸಂಕೇತದ ಮೂಲಕ ಇಂತಹ ವಿತರಣೆಯನ್ನು ಸೂಚಿಸಲು ಸಂಸ್ಥೆಗಳಿಗೆ ಅವಕಾಶ ದೊರೆತಿದೆ. ವಿನಾಯಿತಿಯನ್ನು ಕೊಟ್ಟ ಸರ್ಕಾರ ಈ ಸೂಚನೆಯನ್ನು ಬಹಳ ಹಿಂದೆಯೇ ಏರ್ಪಡಿಸಬೇಕಾಗಿತ್ತೆಂದು ನನ್ನ ದೃಢವಾದ ಅಭಿಪ್ರಾಯ.

ತೆರಿಗೆದಾರನು ಮಾಡತಕ್ಕದ್ದು ಕಷ್ಟದ ಕೆಲಸವಲ್ಲ. ಒಬ್ಬ ಹಿರಿಯರ ಖಾತೆಯಿಂದ ವರ್ಷದಲ್ಲಿ 30,000 ಡಾಲರು ಹೊರಬಂದು, ಅದರಲ್ಲಿ 12,000 ನೇರವಾಗಿ ದೇವಾಲಯಕ್ಕೆ ಸಂದಿತೆಂದು ಭಾವಿಸೋಣ. 1040 ನಮೂನೆಯ 4ಎ ಸಾಲಿನಲ್ಲಿ ಪೂರ್ತಿ 30,000 ಬರೆದು, ತೆರಿಗೆಗೆ ಒಳಪಡುವ ಮೊತ್ತದ 4ಬಿ ಸಾಲಿನಲ್ಲಿ 18,000 ಮಾತ್ರ ಬರೆಯಬೇಕು. ಇದು ದಾನವಿತರಣೆಯೆಂಬುದನ್ನೂ ಅಲ್ಲಿಯೇ ಸೂಚಿಸಬೇಕು. 2024ರ ನಮೂನೆಯವರೆಗೆ 4ಬಿಯ ಪಕ್ಕದಲ್ಲಿ ಕ್ಯೂ.ಸಿ.ಡಿ. ಎಂಬ ಮೂರಕ್ಷರ ಬರೆಯುವುದು ಪದ್ಧತಿಯಾಗಿತ್ತು. ಅದೇ 12,000ವನ್ನು ಮತ್ತೊಮ್ಮೆ ದಾನದ ಕಡಿತವೆಂದು ಬೇರೆ ಕಡೆ ಕೇಳುವಂತಿಲ್ಲ.

ಹಣ ಕಳುಹಿಸುವ ಮುನ್ನ ತಿಳಿದಿರಬೇಕಾದ ಕೆಲವು ನಿಬಂಧನೆಗಳುಂಟು. ಉದ್ಯೋಗದಾತನ ಮೂಲಕ ನಡೆಯುವ 401(ಕೆ) ಯೋಜನೆಯಿಂದ ಇದು ಸಾಧ್ಯವಿಲ್ಲ. ದಾನಿಯ ಸಲಹೆಯಂತೆ ನಡೆಯುವ ನಿಧಿಗಳಿಗೆ ಕೊಟ್ಟದ್ದೂ ಸಲ್ಲುವುದಿಲ್ಲ. ಕೊಟ್ಟುದಕ್ಕೆ ಪ್ರತಿಯಾಗಿ ಔತಣದ ಟಿಕೇಟನ್ನೋ ಉಡುಗೊರೆಯನ್ನೋ ಸ್ವೀಕರಿಸಿದರೆ ವಿನಾಯಿತಿಗೇ ಕುಂದುಂಟಾಗಬಹುದು. ನಮ್ಮವರ ಮನಸ್ಸಿಗೆ ಹೆಚ್ಚು ನೋವುಂಟುಮಾಡುವ ನಿಬಂಧನೆಯೆಂದರೆ, ಹುಟ್ಟೂರಿನ ಶಾಲೆಗೋ ಮಠದ ಅನ್ನದಾಸೋಹಕ್ಕೋ ಈ ಮಾರ್ಗದಿಂದ ನೇರವಾಗಿ ಹಣ ಕಳುಹಿಸಲಾಗದು ಎಂಬುದು. ಪಡೆಯುವ ಸಂಸ್ಥೆ ಅಮೆರಿಕದ ಕಾನೂನಿನ ಮನ್ನಣೆ ಪಡೆದಿರಲೇಬೇಕು. ಆ ದೇಶದಲ್ಲಿಯೇ ನೋಂದಾಯಿತವಾಗಿದ್ದು, ಹಣದ ವಿನಿಯೋಗವನ್ನು ತನ್ನ ಅಧೀನದಲ್ಲಿಯೇ ಇಟ್ಟುಕೊಂಡು ಭಾರತದಲ್ಲಿ ಸೇವೆ ನಡೆಸುವ ಸಂಸ್ಥೆಗೆ ಕೊಡಬಹುದು.

ಧರ್ಮಸಂಸ್ಥೆಯಿಂದ ಪ್ರತಿಫಲವೇನನ್ನೂ ಕೊಟ್ಟಿಲ್ಲವೆಂದು ನಮೂದಿಸಿದ ರಸೀದಿಯನ್ನು ವಿವರಪತ್ರ ಸಲ್ಲಿಸುವ ಮೊದಲೇ ಪಡೆದಿಡುವುದು ಅಗತ್ಯ. ಹಿಂದಿನ ವರ್ಷಗಳಲ್ಲಿ ತಿಳಿಯದೆ 4ಬಿಯಲ್ಲಿ ಪೂರ್ತಿ ಮೊತ್ತವನ್ನು ಬರೆದು ತೆರಿಗೆ ಕಟ್ಟಿದವರು, ವಿವರಪತ್ರ ಸಲ್ಲಿಸಿದಂದಿನಿಂದ ಸಾಮಾನ್ಯವಾಗಿ ಮೂರು ವರ್ಷಗಳೊಳಗೆ 1040-ಎಕ್ಸ್ ಎಂಬ ತಿದ್ದುಪಡಿಯ ನಮೂನೆಯನ್ನು ಸಲ್ಲಿಸಿ, ಹೆಚ್ಚಾಗಿ ತೆತ್ತುದನ್ನು ಮರಳಿ ಕೇಳಬಹುದು.