ಸುರಪುರದ ಪಿನ್‌ಕೋಡಿನಲ್ಲಿ ಡೆಕಾರ್ಟ್‌ನ ಸಂಖ್ಯೆ

ಯಾದಗಿರಿಗೆ 585201, ಶಹಾಪುರಕ್ಕೆ 585223, ಸುರಪುರಕ್ಕೆ 585224. ಅಂಚೆ ಇಲಾಖೆ 1972ರಲ್ಲಿ ಪಿನ್‌ಕೋಡ್ ತಂದದ್ದು ಕಾಗದಪತ್ರ ವಿಂಗಡಿಸಲು ಅನುಕೂಲವಾಗಲೆಂದು, ಗಣಿತಕ್ಕಾಗಿ ಅಲ್ಲ. ಆದರೆ ಯಾವ ಸಂಖ್ಯೆಯನ್ನೇ ಆರಿಸಿಕೊಳ್ಳಿ, ಅದರ ಒಳರಚನೆ ಯಾರ ಕೈಯಲ್ಲೂ ಇರುವುದಿಲ್ಲ. ಅವಿಭಾಜ್ಯ ಸಂಖ್ಯೆಗಳಾಗಿ ಒಡೆದಾಗ ಅದು ಕಣ್ಣಿಗೆ ಬೀಳುತ್ತದೆ.

ಯಾದಗಿರಿಯದು ಸುಲಭ. ಅಂಕಿಗಳನ್ನು ಕೂಡಿದರೆ 21, ಆದ್ದರಿಂದ 3ರಿಂದ ಭಾಗವಾಗುತ್ತದೆ: 3 × 97 × 2011. ಶಹಾಪುರದ್ದು ಅಷ್ಟು ಬೇಗ ಬಗ್ಗುವುದಿಲ್ಲ. 2, 3, 5, 7 ಎಂದು ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸುತ್ತ ಹೋದರೆ 599 ಬರುವ ತನಕ ಶೇಷ ಉಳಿಯುತ್ತಲೇ ಇರುತ್ತದೆ; ಕೊನೆಗೆ 599 × 977. ಆರ್‌ಎಸ್‌ಎ ಗೂಢಲಿಪಿ ನೆಚ್ಚಿಕೊಂಡಿರುವುದು ಇದೇ ಕಷ್ಟವನ್ನು. ಅಲ್ಲಿ ಬಳಸುವ ಸಂಖ್ಯೆಗಳಲ್ಲಿ ಆರುನೂರಕ್ಕೂ ಹೆಚ್ಚು ಅಂಕಿಗಳಿರುತ್ತವೆ.

ನನ್ನನ್ನು ಬೆರಗುಗೊಳಿಸಿದ್ದು ಮಾತ್ರ ಸುರಪುರ. 585224 = 2 × 2 × 2 × 191 × 383. ಈ 191 ಮತ್ತು 383 ಗಣಿತದ ಚರಿತ್ರೆಯಲ್ಲಿ ಒಟ್ಟಿಗೇ ಹೆಸರಾದವು.

ಅದು ಹೇಗೆಂದು ತಿಳಿಯಲು, ಮೊದಲು 220ನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳನ್ನು, ಅದನ್ನೊಂದು ಬಿಟ್ಟು, ಕೂಡಿ ನೋಡಿ: 1, 2, 4, 5, 10, 11, 20, 22, 44, 55, 110. ಮೊತ್ತ 284. ಈಗ 284ರ ಸರದಿ: 1, 2, 4, 71, 142. ಮೊತ್ತ 220! ಇಂಥವಕ್ಕೆ ಸ್ನೇಹ ಸಂಖ್ಯೆಗಳೆಂದು ಹೆಸರು. ಇವನ್ನು ಹುಡುಕಲು 9ನೇ ಶತಮಾನದಲ್ಲಿ ಬಾಗ್ದಾದಿನ ಥಾಬಿತ್ ಇಬ್ನ್ ಕುರ್ರಾ ಒಂದು ಸೂತ್ರ ಕೊಟ್ಟ.

ಥಾಬಿತ್‌ನ ಸಾಲು ಹೀಗಿದೆ: 2, 5, 11, 23, 47, 95, 191, 383. ಪ್ರತಿಯೊಂದನ್ನೂ ಇಮ್ಮಡಿಸಿ ಒಂದು ಸೇರಿಸಿದರೆ ಮುಂದಿನದು. ಮೊದಲ 2ನ್ನು ಬಿಟ್ಟು, ಅಕ್ಕಪಕ್ಕದ ಎರಡೂ ಅವಿಭಾಜ್ಯವಾಗಿರಬೇಕು. ಎರಡಕ್ಕೂ ಒಂದೊಂದು ಕೂಡಿಸಿ, ಗುಣಿಸಿ, ಒಂದು ಕಳೆದಾಗ ಬರುವುದೂ ಅವಿಭಾಜ್ಯವಾಗಿರಬೇಕು. 5 ಮತ್ತು 11 ತೆಗೆದುಕೊಂಡರೆ 6 × 12 − 1 = 71. ಸಾಲಿನಲ್ಲಿ 2ರಿಂದ 11ಕ್ಕೆ ಎರಡು ಹೆಜ್ಜೆ, ಹಾಗಾಗಿ ಎರಡು ಸಲ 2ರಿಂದ ಗುಣಿಸಬೇಕು: 4 × 5 × 11 = 220, 4 × 71 = 284.

ಇನ್ನು 191 ಮತ್ತು 383. 192 × 384 − 1 = 73727, ಅದೂ ಅವಿಭಾಜ್ಯ. 383ಕ್ಕೆ ಏಳು ಹೆಜ್ಜೆ, ಅಂದರೆ 128ರಿಂದ ಗುಣಿಸಬೇಕು. ಸಿಗುವುದು 9363584 ಮತ್ತು 9437056. ಫ್ರಾನ್ಸಿನ ರೆನೆ ಡೆಕಾರ್ಟ್ 1638ರಲ್ಲಿ ತಿಳಿಸಿದ ಸ್ನೇಹ ಜೋಡಿ ಇದೇ.

ಮೊದಲನೆಯದನ್ನು 16ರಿಂದ ಭಾಗಿಸಿ. ಉತ್ತರ 585224, ಸುರಪುರದ ಪಿನ್! ಡೆಕಾರ್ಟ್‌ನ ಸಂಖ್ಯೆಯಲ್ಲಿ 2 ಏಳು ಸಲ ಇದೆ, ಸುರಪುರದ್ದರಲ್ಲಿ ಮೂರು ಸಲ. ವ್ಯತ್ಯಾಸ ಇಷ್ಟೇ ಆದರೂ ಆ ನಾಲ್ಕು 2 ಇಲ್ಲದೆ ಸ್ನೇಹ ಕೂಡುವುದಿಲ್ಲ. 585224ರ ಭಾಜಕಗಳನ್ನು, ಅದನ್ನೊಂದು ಬಿಟ್ಟು, ಕೂಡಿದರೆ 520696 ಬರುತ್ತದೆ; ಅಲ್ಲಿಂದ ಹಿಂದಿರುಗುವ ದಾರಿಯಿಲ್ಲ.

ಥಾಬಿತ್‌ನ ಸೂತ್ರದಿಂದ ಈವರೆಗೆ ಸಿಕ್ಕಿರುವುದು ಮೂರೇ ಜೋಡಿ: 220–284, 17296–18416, ಮತ್ತು ಸುರಪುರದ ಪಿನ್ ಅಡಗಿರುವ ಇದು. ನಾಲ್ಕನೆಯದು ಕಂಪ್ಯೂಟರುಗಳಿಗೂ ಸಿಕ್ಕಿಲ್ಲ.