ಕಿವಿಗಷ್ಟೇ ಗೊತ್ತಾದ ದಿಗಿಲು

ರೇಡಿಯೊದ ಭಯಾನಕ ನಾಟಕಗಳ ಮಾತು ಬಂದಾಗಲೆಲ್ಲ ಹಳೆಯ ವಾದವೊಂದು ಕೇಳಿಬರುತ್ತದೆ: ಕಾಣದ ಭೂತವನ್ನು ಕೇಳುಗರ ಕಲ್ಪನೆ ಇನ್ನಷ್ಟು ಭೀಕರವಾಗಿ ಬಿಡಿಸಿಕೊಳ್ಳುತ್ತದೆ, ಹೆದರಿಕೆಯ ಗುಟ್ಟು ಅಷ್ಟೇ ಎಂದು. ಆದರೆ ಅಮೆರಿಕದ ಸಿಬಿಎಸ್ ಜಾಲದಲ್ಲಿ 1942ರಿಂದ 1962ರವರೆಗೆ ನಡೆದ 'ಸಸ್ಪೆನ್ಸ್' ಸರಣಿಯ ಅತಿ ಹೆಸರುವಾಸಿ ನಾಟಕದಲ್ಲಿ ಭೂತವೇ ಇಲ್ಲ. ಲೂಸಿಲ್ ಫ್ಲೆಚರ್ ಬರೆದು, 1943ರ ಮೇ 25ರಂದು ಮೊದಲು ಪ್ರಸಾರವಾದ 'ಸಾರಿ, ರಾಂಗ್ ನಂಬರ್'ನಲ್ಲಿ ಇರುವುದು ಒಂದು ಹಾಸಿಗೆ, ಅದನ್ನು ಬಿಟ್ಟೇಳದ ರೋಗಿಷ್ಟ ಹೆಂಗಸು, ಒಂದು ಟೆಲಿಫೋನ್. ಗಂಡನ ಆಫೀಸಿಗೆ ಫೋನ್ ಮಾಡಹೋದವಳಿಗೆ ಕ್ರಾಸ್ ಕನೆಕ್ಷನ್‌ನಲ್ಲಿ ಇಬ್ಬರು ಗಂಡಸರ ಮಾತು ಕೇಳಿಸುತ್ತದೆ: ಆ ರಾತ್ರಿ ರೈಲು ಹಾಯುವ ಹೊತ್ತಿಗೆ ಹೆಂಗಸೊಬ್ಬಳ ಕೊಲೆಯಾಗಬೇಕು. ಆಪರೇಟರ್, ಪೊಲೀಸ್, ಯಾರಿಗೆ ಹೇಳಿದರೂ ಉತ್ತರ ನಯವಾಗಿ ಬರುತ್ತದೆ, ನೆರವು ಬರುವುದಿಲ್ಲ. ಅವಳ ಕಿವಿಗೆ ಬಿದ್ದಷ್ಟೇ ನಮ್ಮ ಕಿವಿಗೂ ಬಿದ್ದಿದೆ. ಆದರೂ ಆ ಹೆಂಗಸು ಯಾರೆಂಬುದು ಅವಳಿಗಿಂತ ಮೊದಲು ನಮಗೆ ಹೊಳೆಯುತ್ತದೆ. ಹೊಳೆದದ್ದನ್ನು ಅವಳಿಗೆ ಮುಟ್ಟಿಸಲು ದಾರಿಯಿಲ್ಲ, ಏಕೆಂದರೆ ರೇಡಿಯೊ ಮಾತಾಡುತ್ತದೆ, ಕೇಳಿಸಿಕೊಳ್ಳುವುದಿಲ್ಲ. ಆಗ್ನೆಸ್ ಮೂರ್‌ಹೆಡ್ ಅವಳನ್ನು ಪಾಪದವಳಾಗಿ ಅಲ್ಲ, ಸಿಡುಕಿಯಾಗಿ, ಎಲ್ಲರ ಮೇಲೂ ಹರಿಹಾಯುವವಳಾಗಿ ಆಡಿದ್ದು ದೊಡ್ಡ ಜಾಣ್ಮೆ. ಆಪರೇಟರ್‌ಗೆ ಬೇಸರ ಬರುವ ಹಾಗೆ ನಮಗೂ ಬರುತ್ತದೆ. ಆ ಬೇಸರವೇ ಆಮೇಲೆ ನಮ್ಮನ್ನು ಕುಟುಕುತ್ತದೆ.

ಹಾಗಾದರೆ ಬರೀ ಸದ್ದಿನಿಂದಲೇ ಬೆಚ್ಚಿಬೀಳಿಸಿದ ನಾಟಕಗಳು ಇರಲಿಲ್ಲವೇ ಎಂದು ಕೇಳಬಹುದು. ಧಾರಾಳವಾಗಿ ಇದ್ದವು. ವಿಲ್ಲಿಸ್ ಕೂಪರ್ 1934ರಲ್ಲಿ ಷಿಕಾಗೊದಲ್ಲಿ ಶುರುಮಾಡಿ, ಮುಂದೆ ಆರ್ಚ್ ಒಬೊಲರ್ ಕೈಗೆ ಬಂದ 'ಲೈಟ್ಸ್ ಔಟ್' ಅದಕ್ಕೇ ಪ್ರಸಿದ್ಧ. ಅಲ್ಲಿ ವಿದ್ಯುತ್ ಕುರ್ಚಿಯಲ್ಲಿ ಮೈ ಸುಡುವ ಸದ್ದಿಗೆ ಬಾಣಲೆಯಲ್ಲಿ ಹಂದಿಮಾಂಸ ಹುರಿಯುತ್ತಿದ್ದರು. ಆದರೆ ಆ ಚುರುಚುರು ತನ್ನಷ್ಟಕ್ಕೆ ಅಡುಗೆಮನೆಯದೇ. ಯಾವುದೋ ಗಂಟಲು ನಡುಗುತ್ತ ಅದಕ್ಕೆ ಅರ್ಥ ಕೊಟ್ಟಮೇಲಷ್ಟೇ ಹೊಟ್ಟೆ ತೊಳಸುವುದು. ಅಂದರೆ ಅಲ್ಲೂ ನಾವು ಇನ್ನೊಬ್ಬರ ಮನಸ್ಸಿನ ಮೂಲಕವೇ ಕೇಳುತ್ತೇವೆ. ಆ ಮನಸ್ಸನ್ನು ನಂಬುವುದು ಬಿಟ್ಟರೆ ನಮಗೆ ಬೇರೆ ಸಾಕ್ಷಿ ಇಲ್ಲ.

ಈ ಕೆಲಸವನ್ನು ಸಿನಿಮಾವೂ ಮಾಡೀತು ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಪರೀಕ್ಷೆಗೆ 'ಸಾರಿ, ರಾಂಗ್ ನಂಬರ್' ಕಥೆಯೇ ಇದೆ. 1948ರಲ್ಲಿ ಬಾರ್ಬರಾ ಸ್ಟಾನ್‌ವಿಕ್ ನಟಿಸಿದ ಚಿತ್ರಕ್ಕೆ ಫ್ಲೆಚರ್ ತಾವೇ ಚಿತ್ರಕಥೆ ಬರೆದರು. ಅರ್ಧ ಗಂಟೆಯ ಕಥೆಯನ್ನು ಹಿಗ್ಗಿಸಲು ಹಿನ್ನೋಟಗಳು ಬಂದವು, ಗಂಡನ ವ್ಯವಹಾರ ಬಂತು, ಕೋಣೆಯ ಹೊರಗಿನ ಊರೂ ಬಂತು. ಚಿತ್ರ ಚೆನ್ನಾಗಿಯೇ ಇದೆ, ಆದರೆ ಕಾರಣಗಳು ತಿಳಿಯುತ್ತ ಹೋದಂತೆ ಉಸಿರುಕಟ್ಟುವುದು ಕಡಿಮೆಯಾಗುತ್ತದೆ. ರೇಡಿಯೊದಲ್ಲಿ ಹಾಗಾಗಲಿಲ್ಲ. ಕೊನೆ ಊರಿಗೆಲ್ಲ ಗೊತ್ತಿದ್ದರೂ 'ಸಸ್ಪೆನ್ಸ್' ಈ ನಾಟಕವನ್ನು ಮೂರ್‌ಹೆಡ್ ಅವರಿಂದಲೇ ಮತ್ತೆ ಮತ್ತೆ ಆಡಿಸಿತು. ಮುಂದೇನು ಎಂಬ ಕುತೂಹಲವೊಂದೇ ಬಂಡವಾಳವಾಗಿದ್ದರೆ ಎರಡನೆಯ ಸಲ ಕೇಳಲು ಯಾರೂ ಕೂರುತ್ತಿರಲಿಲ್ಲ.